ಲೆಫ್ಟ್ ಕಾರ್ನರ್ ತ್ರಿವಿಕ್ರಮ ಮತ್ತು ಓಡುವ ಕ್ವಾರ್ಟರ್‌ಬ್ಯಾಕ್

ಕೌಲಾಲಂಪುರದ ಮಾಂಟ್ ಕಿಯಾರಾದ ಆ ಎತ್ತರದ ಕಾಂಡೊಮಿನಿಯಮ್ಮಿನಲ್ಲಿ ತ್ರಿವಿಕ್ರಮನನ್ನು ಗುರುತಿಸುವುದು ಕಷ್ಟವೇ ಅಲ್ಲ. ಲಿಫ್ಟಿನಲ್ಲಿ ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ನಿಂತಿರುವಾಗ, ಎಡಗಡೆಯ ಮೂಲೆಯಲ್ಲಿ ಮೊಣಕಾಲು ತುಸು ಬಗ್ಗಿಸಿ, ಎರಡೂ ಅಂಗೈ ಅರಳಿಸಿ, ಮುಂದಿನವರ ಕಣಕಾಲನ್ನೇ ನೋಡುತ್ತಾ ನಿಂತ ದಪ್ಪ ಮೀಸೆಯವನು ಯಾರೋ ಅವನೇ ತ್ರಿವಿಕ್ರಮ. ಹೊಸದಾಗಿ ಬಂದ ಬಾಡಿಗೆದಾರರು ಮೊದಮೊದಲು ಹೆದರಿ ಮುಂದಿನ ಲಿಫ್ಟಿಗೆ ಕಾಯುತ್ತಿದ್ದರು. ಆಮೇಲೆ ಈ ಮನುಷ್ಯ ಯಾರಿಗೂ ಏನೂ ಮಾಡುವುದಿಲ್ಲ, ಬರೀ ಹಾಗೆ ನಿಲ್ಲುತ್ತಾನೆ ಎಂದು ಗೊತ್ತಾಗಿ ಸುಮ್ಮನಾದರು.

ಮೈಸೂರಿನಲ್ಲಿ ಓದುವಾಗ ಅವನು ಕಾಲೇಜು ಕಬಡ್ಡಿ ತಂಡದ ಲೆಫ್ಟ್ ಕಾರ್ನರ್. ಎದುರಾಳಿ ರೇಡರ್ ಒಳಗೆ ಬರುವವರೆಗೆ ಬಿಡುವುದು, ಬಂದಮೇಲೆ ನಡುಗೆರೆಗೆ ಹೋಗುವ ದಾರಿ ಮುಚ್ಚುವುದು, ಅವನು ವಾಪಸ್ ಹೊರಟಾಗ ಕಣಕಾಲಿಗೆ ಕೈ ಹಾಕುವುದು, ಇಷ್ಟೇ ಅವನ ಕೆಲಸ. ಮೈದಾನ ಬಿಟ್ಟು ಎಷ್ಟೋ ಕಾಲವಾಯಿತು, ಹೊಟ್ಟೆ ಬಂತು, ಕೌಲಾಲಂಪುರ ಬಂತು, ಕೆ.ಎಲ್. ಸೆಂಟ್ರಲ್ ಹತ್ತಿರ ಒಂದು ಕಂಪನಿಯಲ್ಲಿ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ನೌಕರಿಯೂ ಬಂತು. ಆದರೆ ಆ ನಿಲುವು ಮಾತ್ರ ಮೈಯಿಂದ ಇಳಿಯಲೇ ಇಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳುವಾಗಲೂ ಅವನು ಏಡಿಯ ಹಾಗೆ ಅಡ್ಡಡ್ಡವಾಗಿಯೇ ನಡೆಯುತ್ತಾನೆ.

ನಿಲುವಿನ ಜೊತೆಗೆ ಒಂದು ನಂಬಿಕೆಯೂ ಉಳಿದುಬಿಟ್ಟಿತ್ತು. ಹೋದವರು ವಾಪಸ್ ಬರಲೇಬೇಕು ಎನ್ನುವುದು ಆ ನಂಬಿಕೆ. ಇದನ್ನು ವೇದಾಂತ ಎಂದುಕೊಂಡು ಕೈಮುಗಿಯಬೇಡಿ, ಅವನಿಗೆ ಇದು ಆಟದ ನಿಯಮ, ಅಷ್ಟೇ. ಆದ್ದರಿಂದ ಅವನು ಯಾರ ಬೆನ್ನು ಹತ್ತಿಯೂ ಹೋಗುವವನಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ವಾಸಂತಿ ಏನೋ ಮಾತಿಗೆ ಸಿಟ್ಟುಮಾಡಿಕೊಂಡು ತವರಿಗೆ ಹೊರಟಾಗ, ಈ ಮಹಾಶಯ ಕರೆಯಲಿಲ್ಲ, ಕೈ ಹಿಡಿಯಲಿಲ್ಲ, ಗೇಟಿನ ಹತ್ತಿರ ಕೈ ಅಗಲಿಸಿ ನಿಂತುಕೊಂಡ. ವಾಸಂತಿ ಸಂಜೆಯೊಳಗೆ ವಾಪಸ್ ಬಂದಳು. ಬಂದಿದ್ದು ಮರೆತುಹೋದ ಕನ್ನಡಕಕ್ಕೆ. ಆದರೆ ತ್ರಿವಿಕ್ರಮ ಇವತ್ತಿಗೂ ಅದನ್ನು ತನ್ನ ಡಿಫೆನ್ಸಿನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾನೆ.

ಅವನ ಲೆಕ್ಕ ತಪ್ಪಿಸಿದ್ದು ಮಗಳು ನವ್ಯಾ. ಹದಿನಾರರ ಹುಡುಗಿ, ನೀಳ ಕಾಲು, ನಿಂತಲ್ಲಿ ನಿಲ್ಲುವ ಜಾತಿಯೇ ಅಲ್ಲ. ಚಿಕ್ಕವಳಿದ್ದಾಗ ಅಪ್ಪನ ಎದುರು ಚೌಕಾಬಾರ ಆಡುತ್ತಾ, ಕಾಯಿ ಹೊಡೆಸಿಕೊಂಡಾಗಲೆಲ್ಲ, "ಮೋಸ! ಅಪ್ಪ ಮೋಸ ಮಾಡ್ತು!" ಎಂದು ಮನೆ ಹಾರಿಹೋಗುವಂತೆ ಕಿರುಚುತ್ತಿದ್ದವಳು. ಅಪ್ಪ ಆ ಕಿರುಚಾಟ ಕೇಳಲೆಂದೇ ಒಮ್ಮೊಮ್ಮೆ ನಿಜವಾಗಿಯೂ ಮೋಸ ಮಾಡುತ್ತಿದ್ದ. ಆಮೇಲೆ ಇಂಟರ್‌ನ್ಯಾಷನಲ್ ಸ್ಕೂಲು, ಕೊರಿಯಾದ ಗೆಳತಿಯರು, ಅಮೆರಿಕದ ಮೇಷ್ಟ್ರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಗುವ ಜಾಗದಲ್ಲಿ ಸರಿಯಾಗಿ ನಗುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೂ ಹೇಗೆ, ಶೂ ಹಾಕಿಕೊಳ್ಳುತ್ತಾ, ಬ್ರೆಡ್ಡು ಕಚ್ಚುತ್ತಾ, ಲಿಫ್ಟಿನ ಕಡೆ ಓಡುತ್ತಾ.

"ಊಟ ಆಯ್ತೇನೇ?" ಅಂದರೆ, "ಆಲ್ರೆಡಿ ಮಕಾನ್, ಅಪ್ಪಾ!" ಎಂದು ಊಟಕ್ಕೆ ಮಲಯದ ಮಾತು ಬೆರೆಸಿ ಉತ್ತರ.

"ಕನ್ನಡದಲ್ಲಿ ಹೇಳು" ಅನ್ನುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿರುತ್ತಿತ್ತು. ತ್ರಿವಿಕ್ರಮನಿಗೆ ಇದು ನೋಯುತ್ತಿತ್ತು. ಮನೆಯಲ್ಲಿ ಒಬ್ಬಳು ಇಂಗ್ಲಿಷಿನವಳು ಬಾಡಿಗೆಗೆ ಇದ್ದಾಳೆ, ತನ್ನ ಮಗಳು ಎಲ್ಲೋ ಹೊರಗೆ ಹೋಗಿದ್ದಾಳೆ ಅನ್ನಿಸುತ್ತಿತ್ತು. ಬರುತ್ತಾಳೆ, ಬರಲೇಬೇಕು ಎಂದು ಕಾಯುತ್ತಿದ್ದ.

ಇಂಥ ಹುಡುಗಿ ಶಾಲೆಯ ಫ್ಲ್ಯಾಗ್ ಫುಟ್‌ಬಾಲ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮೆರಿಕದವರ ಫುಟ್‌ಬಾಲನ್ನೇ ಗುದ್ದಾಟವಿಲ್ಲದೆ ಆಡುವ ಆಟ ಅದು. ಸೊಂಟದ ಬೆಲ್ಟಿಗೆ ಎರಡು ಪಟ್ಟಿ ತೂಗುಬಿಟ್ಟಿರುತ್ತಾರೆ, ಚೆಂಡು ಹಿಡಿದವರ ಪಟ್ಟಿ ಕಿತ್ತರೆ ಅಲ್ಲಿಗೆ ಅವರ ಓಟ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲವೂ ಮೊದಲು ಚೆಂಡು ಸಿಗುವವನು, ಸಾಮಾನ್ಯವಾಗಿ ನಿಂತಲ್ಲಿಂದಲೇ ಗೆಳೆಯರಿಗೆ ಎಸೆಯುವವನು. ಆದರೆ ನವ್ಯಾ ನಿಲ್ಲಬೇಕಲ್ಲ! ಎಸೆಯುವಂತೆ ಕೈ ಎತ್ತುತ್ತಾಳೆ, ಎದುರಿನವರಿಗೆ ಚಳ್ಳೆಹಣ್ಣು ತಿನ್ನಿಸುತ್ತಾಳೆ, ಕಾಲಿಗೆ ಬುದ್ಧಿ ಹೇಳುತ್ತಾಳೆ. ಈ ಶಾಲೆಯ ನಿಯಮದಲ್ಲಿ ಕ್ವಾರ್ಟರ್‌ಬ್ಯಾಕ್ ಓಡಬಹುದಿತ್ತು. ಆ ವರ್ಷ ಅವಳನ್ನು ಹಿಡಿದವರೇ ಇರಲಿಲ್ಲ.

ವರ್ಷದ ಕೊನೆಗೆ ಶಾಲೆಯಲ್ಲಿ ಅಪ್ಪಂದಿರ ಕಪ್. ಒಂದೊಂದು ಸಮುದಾಯದ ಅಪ್ಪಂದಿರು ಐದು ಜನ ಸೇರಿ ಶಾಲೆಯ ತಂಡದ ಎದುರು ಆಡುವುದು. ಜಪಾನಿನ ಅಪ್ಪಂದಿರು ಸೋತು, ತಲೆಬಾಗಿ ವಂದಿಸಿ ಹೋಗಿದ್ದರು. ಕೊರಿಯಾದವರು ಸೋತು ಇನ್ನೊಂದು ಸಲ ಆಡುತ್ತೇವೆಂದು ಹಟ ಹಿಡಿದು ಇನ್ನೊಂದು ಸಲವೂ ಸೋತಿದ್ದರು. ಈಗ ಕನ್ನಡದವರ ಸರದಿ. ಶಾಲೆಯಿಂದ ಬರುವಾಗ ಕಾರಿನಲ್ಲಿ ತ್ರಿವಿಕ್ರಮ ತಾನೇ ನಾಯಕ ಎಂದು ಘೋಷಿಸಿದ.

"ಅಪ್ಪಾ, ಯು ಕಾಂಟ್ ಈವನ್ ಕ್ಯಾಚ್ ದಿ ಲಿಫ್ಟ್, ಲಾ" ಎಂದು ನವ್ಯಾ ಮಲೇಷ್ಯಾದವರಂತೆ ಕೊನೆಗೊಂದು 'ಲಾ' ಸೇರಿಸಿ ನಕ್ಕಳು.

ಆ ನಗುವಿಗೆ ತ್ರಿವಿಕ್ರಮನ ಮೀಸೆ ನೆಟ್ಟಗಾಯಿತು. "ಬಾಲು ನಿನ್ನ ಕೈಯಲ್ಲಿರೋವಾಗ ಒಂದೇ ಒಂದು ಸಲ ನಿನ್ನ ಪಟ್ಟಿ ಕಿತ್ತರೆ ಏನ್ ಕೊಡ್ತೀಯ?"

"ಎನಿಥಿಂಗ್."

"ಆಮೇಲೆ ನನ್ ಜೊತೆ ಕನ್ನಡದಲ್ಲೇ ಮಾತಾಡ್ಬೇಕು. ಯಾವಾಗ್ಲೂ."

ನವ್ಯಾ ಸೀಟಿನಲ್ಲಿ ನೆಟ್ಟಗೆ ಕೂತಳು. "ಓಕೆ. ಬಟ್ ಇಫ್ ಯು ಡೋಂಟ್, ಯು ನೆವರ್ ಸೇ 'ಕನ್ನಡದಲ್ಲಿ ಹೇಳು' ಟು ಮಿ ಅಗೇನ್. ನೆವರ್, ಅಪ್ಪಾ. ಡೀಲ್?"

ಡೀಲ್ ಎಂದುಬಿಟ್ಟ. 'ಕನ್ನಡದಲ್ಲಿ ಹೇಳು' ಎನ್ನುವುದೊಂದೇ ಮಗಳ ಜೊತೆ ದಿನಾ ಆಡಲು ಅವನಲ್ಲಿ ಉಳಿದಿದ್ದ ಮಾತು. ಅದನ್ನೂ ಪಣಕ್ಕಿಟ್ಟು ಕೂತಿದ್ದ.

ಮರುದಿನದಿಂದ ಅವನು ಓಡುವ ಕ್ವಾರ್ಟರ್‌ಬ್ಯಾಕನ್ನು ತಡೆಯುವುದು ಹೇಗೆ ಎಂಬ ವಿಡಿಯೋಗಳಲ್ಲಿ ಮುಳುಗಿಹೋದ. ಆಫೀಸಿನಲ್ಲಿ ಊಟದ ಹೊತ್ತಿಗೆ, ಎಲ್‌ಆರ್‌ಟಿ ರೈಲಿನಲ್ಲಿ ಬರುವಾಗ ಹೋಗುವಾಗ, ಬಚ್ಚಲಿನಲ್ಲಿ ಸಹ. ಕುತ್ತಿಗೆಯೇ ಇಲ್ಲದ ಅಮೆರಿಕದ ಕೋಚುಗಳು ಅದರಲ್ಲಿ ಹೇಳುತ್ತಿದ್ದರು: ಅವನ ಮೇಲೆ ಸುಮ್ಮನೆ ನುಗ್ಗಬೇಡಿ, ನುಗ್ಗಿ ಅವನನ್ನು ದಾಟಿ ಹೋದರೆ ನೀವು ಬಿಟ್ಟ ಜಾಗದಲ್ಲೇ ಅವನು ಓಡುತ್ತಾನೆ. ಎರಡು ಅಂಚುಗಳನ್ನು ಮುಚ್ಚಿ, ಅವನನ್ನು ನಡುವಿನಲ್ಲೇ ಕೂಡಿಹಾಕಿ. ಒಬ್ಬನನ್ನು ಗೂಢಚಾರನನ್ನಾಗಿ ಇಡಿ, ಅವನಿಗೆ ಕ್ವಾರ್ಟರ್‌ಬ್ಯಾಕನ್ನು ನೋಡುವುದು ಬಿಟ್ಟು ಬೇರೆ ಕೆಲಸ ಬೇಡ. ಕಣ್ಣನ್ನು ನೋಡಬೇಡಿ, ಕಣ್ಣು ಸುಳ್ಳು ಹೇಳುತ್ತದೆ, ಸೊಂಟ ನೋಡಿ.

ತ್ರಿವಿಕ್ರಮ ಬಾಂಗ್ಸಾರಿನಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ತಂಡವನ್ನು ಕರೆದು, ತೇ ತಾರಿಕ್ ಚಹಾದ ಗ್ಲಾಸುಗಳನ್ನು ಮೇಜಿನ ಮೇಲೆ ಜೋಡಿಸಿ, ಇದನ್ನೆಲ್ಲ ವಿವರಿಸಿದ. "ಇದೇನ್ ಹೊಸದಾ? ಇದು ನಮ್ಮ ಕಬಡ್ಡಿ ಕಣ್ರೀ! ಅಂಚಲ್ಲಿರೋರು ಕಾರ್ನರ್ರು, ಒಳಗಡೆಯೋರು ಕವರ್ರು, ಕ್ವಾರ್ಟರ್‌ಬ್ಯಾಕು ರೇಡರ್ರು. ಅಮೆರಿಕದೋರು ನಮ್ಮೂರಿಗೆ ಬಂದು ನೋಡ್ಕೊಂಡು ಹೋಗಿರ್ಬೇಕು."

ತಂಡವೆಂದರೆ ಅವನನ್ನೂ ಸೇರಿಸಿ ಐವರು. ಮಂಗಳೂರಿನ ಚಾರ್ಲ್ಸ್, ಒಂದು ದೊಡ್ಡ ಕಂಪನಿಯ ಆಡಿಟರ್, ಶಾಲೆಯಲ್ಲಿ ಕಬಡ್ಡಿ ಆಡಿದವನು, ಹೆಂಡತಿ ರೋಸಿಗೆ ಹೆದರುವವನು. ಧಾರವಾಡದ ಸುಮಂತ, ಆಳು ಆಜಾನುಬಾಹು, ಗರಡಿಯ ಕೈ. ಉಡುಪಿಯ ಮಧ್ವರಾಜ, ಕಡ್ಡಿಯಂಥ ಮನುಷ್ಯ, ಏಕಾದಶಿ ತಪ್ಪಿಸುವವನಲ್ಲ. ಆಮೇಲೆ ಬೆಂಗಳೂರಿನ ಪ್ರಶಾಂತ, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಎಲ್ಲಿದ್ದರೂ ಆಫೀಸಿನ ಮೀಟಿಂಗಿನಲ್ಲೇ ಇರುವವನು.

"ಹುಡುಗಿಯ ಸೊಂಟ ನೋಡುದು ಅಂದ್ರೆ ಎಂತ ಮಾರಾಯ? ನಿನ್ನ ಮಗಳಲ್ವಾ ಅವಳು? ರೋಸಿ ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ" ಎಂದ ಚಾರ್ಲ್ಸ್.

"ಬೆಲ್ಟು ನೋಡು, ಬೆಲ್ಟು. ಸಾಕು" ಎಂದು ತ್ರಿವಿಕ್ರಮ ಸಮಾಧಾನ ಹೇಳಿದ.

"ಆಕಿ ಒಳಗ ಬಂದ್ಲು ಅಂದ್ರ?" ಎಂದು ಸುಮಂತ ರೋಟಿ ಚನಾಯ್ ಹರಿಯುತ್ತಾ ಕೇಳಿದ.

"ಬರ್ಲಿ! ಗೆರೆ ದಾಟಿ ನಮ್ಮ ಕಡೆ ಬಂದ್ಲು ಅಂದ್ರೆ ಮುಗೀತು. ಚೈನ್ ಹಾಕಿ ಹಿಂದ್ಗಡೆ ದಾರಿ ಮುಚ್ಚೋದು. ಎಲ್ಲಿಗೆ ಹೋಗ್ತಾಳೆ?"

ಎಲ್ಲಿಗೆ ಹೋಗುತ್ತಾಳೆ ಎನ್ನುವ ಪ್ರಶ್ನೆಗೆ ಅಮೆರಿಕದಲ್ಲಿ ಬಹಳ ಸರಳವಾದ ಉತ್ತರವಿದೆ. ಮುಂದಕ್ಕೆ ಹೋಗುತ್ತಾಳೆ, ಕೊನೆಯ ಗೆರೆ ದಾಟುತ್ತಾಳೆ, ಆರು ಅಂಕ ಪಡೆಯುತ್ತಾಳೆ. ಆ ಆಟದಲ್ಲಿ ಹೋದವರು ವಾಪಸ್ ಬರಬೇಕೆಂಬ ಕಟ್ಟುಪಾಡೇ ಇಲ್ಲ. ಇದನ್ನು ಐದು ಜನ ಪದವೀಧರರಲ್ಲಿ ಒಬ್ಬನೂ ಯೋಚಿಸಲಿಲ್ಲ. ಬುದ್ಧಿ ಇಲ್ಲದವರಲ್ಲ ಪಾಪ; ಆದರೆ ಚಿಕ್ಕಂದಿನಲ್ಲಿ ಮೈಗೆ ಹತ್ತಿದ್ದನ್ನು ತಲೆ ಬಂದು ಪ್ರಶ್ನೆ ಕೇಳುವುದಿಲ್ಲ. ಎಲ್ಲರೂ ಹೌದು ಹೌದು ಎಂದು ತೇ ತಾರಿಕ್ ಹೀರಿದರು.

ಅಭ್ಯಾಸಕ್ಕೆ ಮೈದಾನ ಸಿಗಲಿಲ್ಲ. ಕಾಂಡೊಮಿನಿಯಮ್ಮಿನ ಕಾರ್ ಪಾರ್ಕಿಂಗಿನಲ್ಲಿ, ಖಾಲಿ ಇದ್ದ ಒಂದು ಮೂಲೆಯಲ್ಲಿ ಶುರುವಾಯಿತು. ಚೆಂಡೂ ಇರಲಿಲ್ಲ. ಎರಡೂ ತುದಿ ಚೂಪಾದ ಆ ಚೆಂಡಿನ ಬದಲು ವಾಸಂತಿ ಬ್ರಿಕ್‌ಫೀಲ್ಡ್ಸಿನಿಂದ ತಂದಿದ್ದ ಜುಟ್ಟಿನ ತೆಂಗಿನಕಾಯಿಯನ್ನು ತ್ರಿವಿಕ್ರಮ ಎತ್ತಿಕೊಂಡು ಬಂದ. ಕಾಯಿಯ ಹಿಂದೆಯೇ, ಅದನ್ನು ವಾಪಸ್ ತೆಗೆದುಕೊಂಡು ಹೋಗಲೆಂದು ವಾಸಂತಿಯೂ ಬಂದಳು. ಹೀಗೆ ಅವಳೇ ಕ್ವಾರ್ಟರ್‌ಬ್ಯಾಕ್ ಆದಳು.

"ವಾಸಂತೀ, ಆ ಕಾಯಿ ಹಿಡ್ಕೊಂಡು ನಮ್ಮನ್ನ ದಾಟ್ಕೊಂಡು ಹೋಗೋಕೆ ನೋಡು."

"ಯಾಕೆ?"

"ಸುಮ್ನೆ ನೋಡು."

ವಾಸಂತಿ ಹಳದಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಐವರೂ ಮೊಣಕಾಲು ಬಗ್ಗಿಸಿ, ಅಂಗೈ ಅರಳಿಸಿ ನಿಂತರು. ಕಾವಲುಗಾರ ನೇಪಾಳಿಯೊಬ್ಬ ದೂರದಿಂದ ನೋಡಿ ವಾಕಿಟಾಕಿ ಕೈಗೆತ್ತಿಕೊಂಡ. ವಾಸಂತಿ ಬಲಕ್ಕೆ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. "ಅಯ್ಯೋ, ಹಾಲು ಒಲೆ ಮೇಲಿದೆ!" ಎಂದು ನೇರವಾಗಿ ನಡೆದು ಬಂದಳು. ಐವರು ಗಂಡಸರೂ ಗಡಬಡಿಸಿ ದಾರಿ ಬಿಟ್ಟರು. ಅವಳು ದಾಟಿದ ಮೇಲೆ ತ್ರಿವಿಕ್ರಮ, "ಚೈನ್!" ಎಂದು ಕೂಗಿದ. ಐವರೂ ತಿರುಗಿ, ಕೈಕೈ ಹಿಡಿದುಕೊಂಡು ಲಿಫ್ಟಿನ ಬಾಗಿಲಿಗೆ ಮುಖ ಮಾಡಿ ನಿಂತರು. ನಿಂತೇ ಇದ್ದರು. ಪ್ರಶಾಂತ ಹಾಗೆ ನಿಂತೇ ಮೀಟಿಂಗಿನಲ್ಲಿ ಯಾರಿಗೋ ಗುಡ್ ಪಾಯಿಂಟ್ ಎಂದ. ಹೊರಗೆ ಹೋಗಬೇಕಾಗಿದ್ದ ಒಂದು ಕಾರು ಅವರ ಹಿಂದೆ ಹಾರ್ನ್ ಹೊಡೆದು, ಸುಸ್ತಾಗಿ ಎಂಜಿನ್ ಆರಿಸಿತು.

ಕೊನೆಗೆ ಲಿಫ್ಟಿನ ಬಾಗಿಲು ತೆರೆಯಿತು. ವಾಸಂತಿ ಫ್ಲಾಸ್ಕಿನಲ್ಲಿ ಕಾಫಿ, ಲೋಟ ಹಿಡಿದು ಹೊರಗೆ ಬಂದಳು.

"ನೋಡಿದ್ರಾ!" ತ್ರಿವಿಕ್ರಮ ಖುಷಿಯಿಂದ ಕುಪ್ಪಳಿಸಿದ. "ಬಂದ್ಲು! ಬಂದೇ ಬಂದ್ಲು!"

ಐವರೂ ಅವಳನ್ನು ಸುತ್ತುವರಿದರು. ಸುಮಂತ ಫ್ಲಾಸ್ಕನ್ನೇ ಕಿತ್ತುಕೊಂಡ. ಹೀಗೆ ಒಂದು ತಪ್ಪು ಸಿದ್ಧಾಂತಕ್ಕೆ ಬಿಸಿಬಿಸಿ ಸಾಕ್ಷಿ ಸಿಕ್ಕಿತು, ಅದನ್ನು ಎಲ್ಲರೂ ಸಕ್ಕರೆ ಹಾಕಿಕೊಂಡು ಕುಡಿದರು. ವಾಸಂತಿಗೆ ಪಣದ ವಿಷಯ ಗೊತ್ತಿತ್ತು. ಲೋಟ ತೊಳೆಯಲು ಎತ್ತಿಕೊಳ್ಳುವಾಗ ಗಂಡನಿಗೆ ಮಾತ್ರ ಕೇಳುವಂತೆ, "ಸೋತ್ರೆ ಏನ್ರೀ ಮಾಡ್ತೀರ?" ಎಂದಳು. ತ್ರಿವಿಕ್ರಮ ಖಾಲಿ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತಾ ಕೂತ.

ಪಂದ್ಯದ ದಿನ ಏಕಾದಶಿ ಬಿತ್ತು. ಮಧ್ವರಾಜ ನೀರೂ ಮುಟ್ಟದೆ ಬಂದಿದ್ದ. ಪ್ರಶಾಂತನಿಗೆ ಸಿಂಗಪುರದ ಜೊತೆ ಮೀಟಿಂಗಿತ್ತು, ಮ್ಯೂಟ್ ಮಾಡಿಕೊಂಡು ಆಡುತ್ತೇನೆ ಎಂದು ಒಂದು ಅಂಚಿಗೆ ಹೋಗಿ ನಿಂತ. ರೆಫರಿ ಶಾಲೆಯ ವ್ಯಾಯಾಮದ ಮೇಷ್ಟ್ರು, ಎಲ್ಲರೂ ಚಿಕ್‌ಗು ಹಾಫಿಜ್, ಅಂದರೆ ಹಾಫಿಜ್ ಮೇಷ್ಟ್ರು, ಎಂದು ಕರೆಯುವ ಶಾಂತ ಸ್ವಭಾವದ ಮಲಯ ಮನುಷ್ಯ. ಮೊದಲೇ ಬಂದು ಐವರ ಕೈಯನ್ನೂ ಕುಲುಕಿ, ಹೃದಯದ ಮೇಲೆ ಅಂಗೈ ಇಟ್ಟುಕೊಂಡು, ಯಾರಿಗೂ ಪೆಟ್ಟಾಗದಿರಲಿ ಎಂದು ಹಾರೈಸಿದ.

ಅಪ್ಪಂದಿರು ಚೆಂಡು ಹಿಡಿದು ಆಡಿದ ಭಾಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಾರ್ಲ್ಸ್ ಎಸೆದದ್ದು ಒಮ್ಮೆ ಚರಂಡಿಗೆ ಹೋಯಿತು, ಇನ್ನೊಮ್ಮೆ ರೋಸಿಯ ಮಡಿಲಿಗೆ ಬಿತ್ತು. ಚೆಂಡು ಮಕ್ಕಳ ಕೈಗೆ ಹೋದಾಗ ಮಾತ್ರ ಮೈದಾನ ಗಂಭೀರವಾಯಿತು.

ಮೊದಲ ಸಲ ನವ್ಯಾ ಚೆಂಡು ಹಿಡಿದು ಬಲಕ್ಕೆ ಸರಿದಳು. ಅಲ್ಲಿ ಪ್ರಶಾಂತ. ಎಡಕ್ಕೆ ತಿರುಗಿದಳು. ಅಲ್ಲಿ ಚಾರ್ಲ್ಸ್. ನಡುವೆ ಅವಳ ಬೆಲ್ಟಿನ ಮೇಲೇ ಕಣ್ಣು ನೆಟ್ಟು, ಏಡಿಯ ನಡಿಗೆಯಲ್ಲಿ ಅತ್ತಿತ್ತ ಸರಿಯುತ್ತಾ ತ್ರಿವಿಕ್ರಮ. ಅವಳಿಗೆ ಹೋಗಲು ಜಾಗವೇ ಇರಲಿಲ್ಲ! ನೋಡುತ್ತಿದ್ದವರು ಓಹೋ ಎಂದರು. ಕೊರಿಯಾದ ಅಪ್ಪಂದಿರಂತೂ ಎದ್ದು ನಿಂತರು. ಹೆಮ್ಮೆಯಿಂದ ತ್ರಿವಿಕ್ರಮನ ಎದೆ ಉಬ್ಬಿತು. ಆಗ ನವ್ಯಾ ನಿಧಾನವಾಗಿ, ತರಕಾರಿ ಬುಟ್ಟಿಗೆ ಈರುಳ್ಳಿ ಹಾಕಿದಂತೆ, ಅವರ ತಲೆಯ ಮೇಲಿಂದ ಚೆಂಡನ್ನು ಆಚೆ ಎಸೆದಳು. ಆಚೆಗೆ ಅವಳ ಗೆಳತಿಯೊಬ್ಬಳು ಯಾರ ಕಾವಲೂ ಇಲ್ಲದೆ, ಜಡೆ ಸರಿಮಾಡಿಕೊಳ್ಳುತ್ತಾ ನಿಂತಿದ್ದಳು. ಹಿಡಿದು, ನಡೆದು ಕೊನೆಯ ಗೆರೆ ದಾಟಿದಳು.

"ಅವಳನ್ನು ನೋಡ್ಕೊಳ್ಳುವವ ಯಾರು ಮಾರಾಯ?" ಎಂದು ಚಾರ್ಲ್ಸ್ ಕೇಳಿದ.

"ಅವಳು ರೇಡರ್ ಅಲ್ವಲ್ಲ!" ಎಂದ ತ್ರಿವಿಕ್ರಮ.

ಇನ್ನೊಂದು ಸಲ ನವ್ಯಾ ಎಸೆಯುವಂತೆ ಕೈ ಎತ್ತಿದಳು. ಮಧ್ವರಾಜ ಎಸೆತ ತಡೆಯಲು ಹಾರಿದ, ಹಸಿದ ಹೊಟ್ಟೆಯಲ್ಲಿ ಹಾರಿದ್ದರಿಂದ ಇಳಿದಾಗ ಕೂತೇಬಿಟ್ಟ. ಅವನು ಬಿಟ್ಟ ಜಾಗದಲ್ಲಿ ಅವಳು ನುಗ್ಗಿ, ಆಟ ಶುರುವಾದ ಗೆರೆ ದಾಟಿ ಈ ಕಡೆ ಬಂದಳು.

"ಚೈನ್!"

ಆಗ ನಡೆದದ್ದನ್ನು ಆ ಶಾಲೆಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಐವರು ಅಪ್ಪಂದಿರಲ್ಲಿ ಒಬ್ಬನೂ ಅವಳ ಹಿಂದೆ ಓಡಲಿಲ್ಲ. ಕೂತಿದ್ದ ಮಧ್ವರಾಜನೂ ಎದ್ದು ಬಂದ. ಐವರೂ ಕೈಕೈ ಹಿಡಿದು, ಅವಳು ಹೊರಟ ಗೆರೆಯ ಮೇಲೆ ಸಾಲಾಗಿ ನಿಂತು, ಓಡಿಹೋಗುತ್ತಿರುವ ಹುಡುಗಿಯ ಬೆನ್ನನ್ನು ನೋಡುತ್ತಾ, ಬಾ ಬಾ ಎನ್ನುವಂತೆ ಮೈ ತೂಗಿದರು. ನವ್ಯಾ ಮೈದಾನದ ಉದ್ದಕ್ಕೂ ಒಬ್ಬಳೇ ಓಡಿದಳು. ಕೊನೆಯ ಗೆರೆ ದಾಟಿದಳು. ಕಬಡ್ಡಿಯಲ್ಲಿ ಆ ಗೆರೆ ದಾಟಿದ ರೇಡರ್ ಔಟ್.

"ಗೆರಿ ದಾಟಿದ್ಲು! ಔಟ್! ಔಟ್!" ಎಂದು ಸುಮಂತ ತೊಡೆ ತಟ್ಟಿ ಕುಣಿದ. ಐವರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಆ ಕಡೆ ಮಕ್ಕಳೂ ಕುಣಿಯುತ್ತಿದ್ದರು. ಎರಡೂ ತಂಡ ಒಂದೇ ಓಟಕ್ಕೆ ಸಂಭ್ರಮಿಸುವುದನ್ನು ಚಿಕ್‌ಗು ಹಾಫಿಜ್ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ತಮ್ಮ ತಂಡದವರ ಕೈಯನ್ನೇ ಹಿಡಿದುಕೊಳ್ಳಬಾರದು ಎಂಬ ನಿಯಮವೂ ಅವನಿಗೆ ನೆನಪಾಗಲಿಲ್ಲ. ಬಹಳ ಮರ್ಯಾದೆಯಿಂದ ಬಂದು, "ಸಾರಿ ಸರ್, ದಟ್ ಈಸ್ ದೇರ್ ಪಾಯಿಂಟ್" ಎಂದ.

ಪ್ರಶಾಂತ ಇಯರ್‌ಫೋನು ತೆಗೆದ. "ಒಂದ್ನಿಮಿಷ. ಅಂದ್ರೆ ಅವಳು ವಾಪಸ್ ಬರೋದೇ ಇಲ್ವಾ?"

ಮಧ್ವರಾಜ ಆಕಾಶ ನೋಡಿದ. ವಾಸಂತಿ ಮುಖಕ್ಕೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ದೂರದಿಂದ ಗೊತ್ತಾಗಲಿಲ್ಲ. ಇಷ್ಟು ದಿನ ತಾನು ಕಾದು ನಿಂತದ್ದು ಯಾವ ಆಟದ ನಿಯಮ, ಮಗಳು ಆಡುತ್ತಿರುವುದು ಯಾವ ಆಟ ಎಂದು ತ್ರಿವಿಕ್ರಮನಿಗೆ ಮೊದಲ ಬಾರಿ ಭಯವಾಯಿತು.

ಆಮೇಲೆ ಅವರು ಬುದ್ಧಿವಂತರಂತೆ ಆಡಿ ನೋಡಿದರು. ಬುದ್ಧಿ ಬಂದಮೇಲೆ ಇನ್ನೂ ಕೆಟ್ಟದಾಗಿ ಆಡಿದರು. ಓಡಿದರೆ ಉಬ್ಬಸ, ನಿಂತರೆ ಮಕ್ಕಳ ನಗು. ಅಂಕಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವ ಹಾಗೆ ಉಳಿದಿರಲಿಲ್ಲ. ತ್ರಿವಿಕ್ರಮನಿಗೂ ಅಂಕ ಬೇಕಾಗಿರಲಿಲ್ಲ. ಅವನಿಗೆ ಬೇಕಾದದ್ದು ಮಗಳ ಬೆಲ್ಟಿನಲ್ಲಿ ತೂಗುವ ಆ ಹಳದಿ ಪಟ್ಟಿ, ಒಂದೇ ಒಂದು ಸಲ.

ಕೊನೆಯ ಆಟ ಎಂದು ಚಿಕ್‌ಗು ಹಾಫಿಜ್ ಬೆರಳೆತ್ತಿ ತೋರಿಸಿದ. ನವ್ಯಾ ಚೆಂಡು ಹಿಡಿದು ಹಿಂದೆ ಸರಿದಳು, ಎಡಕ್ಕೆ ಹೊರಟಳು. ತ್ರಿವಿಕ್ರಮ ಅವಳ ಬೆಲ್ಟಿನ ಜೊತೆಗೇ ಸರಿದ. ಅವಳು ನಿಂತಳು, ಬಲಕ್ಕೆ ವಾಲಿದಳು. ಸೊಂಟ ವಾಲಲಿಲ್ಲ. ಅವನು ಮೋಸ ಹೋಗಲಿಲ್ಲ. ಮತ್ತೆ ಎಡಕ್ಕೆ ಚಿಮ್ಮಿದಳು, ಅವನೂ ಚಿಮ್ಮಿದ. ಬೆರಳ ತುದಿಗೆ ಪಟ್ಟಿ ಸೋಕಿತು, ಜಾರಿತು. ಬೀಳುತ್ತಾ ಬೀಳುತ್ತಾ ಅವನ ಕೈಗೆ ಸಿಕ್ಕಿದ್ದು ಅವಳ ಕಣಕಾಲು.

ಆ ಕೈಗೆ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಮೈಸೂರಿನಲ್ಲಿ ಎಂಥೆಂಥ ಗಟ್ಟಿ ಆಳುಗಳನ್ನು ಕೆಡವಿದ ಕೈ ಅದು. ಎಳೆದರೆ ಅವಳು ಮುಖಾಡೆ ಬೀಳುತ್ತಿದ್ದಳು, ಬಿದ್ದವಳ ಪಟ್ಟಿ ಕೀಳುವುದೇನು ಮಹಾ. ಆದರೆ ಅದು ನಡೆಯಲು ಕಲಿಯುವಾಗ ತಾನೇ ಹಿಡಿದು ಒಂದೊಂದಾಗಿ ಎತ್ತಿಡಿಸಿದ ಕಾಲು. ತ್ರಿವಿಕ್ರಮ ಕೈ ಬಿಟ್ಟ. ನವ್ಯಾ ಒಂದು ಕ್ಷಣ ತಡವರಿಸಿ, ಸುಧಾರಿಸಿಕೊಂಡು ಓಡಿದಳು. ಗೆರೆ ದಾಟಿದಳು. ಸೀಟಿ ಬಿತ್ತು, ಪಂದ್ಯ ಮುಗಿಯಿತು.

ಜನ ಚಪ್ಪಾಳೆ ತಟ್ಟಿದರು. ಚಾರ್ಲ್ಸ್ ಸೊಂಟ ಹಿಡಿದುಕೊಂಡು ರೋಸಿಯ ಕಡೆ ನಡೆದ. ಮಧ್ವರಾಜನನ್ನು ಸುಮಂತ ಹೆಗಲಿಗೆ ಹಾಕಿಕೊಂಡು ಹೋದ. ಪ್ರಶಾಂತ ಅನ್‌ಮ್ಯೂಟ್ ಮಾಡಿ, ಐ ಅಗ್ರೀ ಎಂದ. ತ್ರಿವಿಕ್ರಮ ಮಾತ್ರ ಮೊಣಕೈಯ ಮಣ್ಣು ಒರೆಸಿಕೊಂಡು ಎದ್ದು, ಆಟ ಶುರುವಾದ ಗೆರೆಯ ಮೇಲೆ ಹೋಗಿ, ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲಿಸಿ ನಿಂತ.

ಅವನಿಗೆ ನಿಯಮ ಗೊತ್ತಾಗಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಆ ಜಾಗ ಬಿಟ್ಟು ಕದಲಿದರೆ ಸೋತಂತೆ, ಸೋತರೆ ಕಾರಿನಲ್ಲಿ, ಲಿಫ್ಟಿನಲ್ಲಿ, ಊಟದ ಮೇಜಿನಲ್ಲಿ ಇನ್ನು ಯಾವತ್ತೂ ಆ ಮಾತು ಆಡುವಂತಿಲ್ಲ. ಅದಕ್ಕೇ ನಿಂತ. ಅವನಿಗೆ ಅಳು ಬರುವಷ್ಟು ದುಃಖವಾಗಿತ್ತು, ಕಾಲು ನೋಯುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಚಿಕ್‌ಗು ಹಾಫಿಜ್ ಹತ್ತಿರ ಬಂದು, "ಸರ್, ಹಬೀಸ್. ಫಿನಿಶ್ ಆಲ್ರೆಡಿ" ಎಂದ.

"ಶಿ ಹ್ಯಾಸ್ ಟು ಕಮ್ ಬ್ಯಾಕ್" ಎಂದ ತ್ರಿವಿಕ್ರಮ.

ರೆಫರಿ ಅವನ ಮುಖ ನೋಡಿದ. ಏನು ಕಂಡಿತೋ, ಪಕ್ಕಕ್ಕೆ ಸರಿದು ನಿಂತ. ವಾಸಂತಿ ಕರೆದಳು. ಕದಲಲಿಲ್ಲ. ಮುಂದಿನ ಪಂದ್ಯದ ಚಿಕ್ಕ ಮಕ್ಕಳು ಮೈದಾನಕ್ಕೆ ಬಂದು ಅವನ ಸುತ್ತ ಕೋನ್‌ಗಳನ್ನು ಇಡತೊಡಗಿದರು. ಮೋಡ ಕವಿಯಿತು. ಮೈದಾನದ ಆ ತುದಿಯಲ್ಲಿ ಗೆಳತಿಯರ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದ ನವ್ಯಾ ಈ ಕಡೆ ನೋಡಿದಳು. ಹೋಗು ಎನ್ನುವಂತೆ ಕೈ ಬೀಸಿದಳು. ಮತ್ತೆ ನೋಡಿದಳು. ಕೊನೆಗೆ ಹಣೆ ಚಚ್ಚಿಕೊಂಡು, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ದಡದಡ ಹೆಜ್ಜೆ ಹಾಕುತ್ತಾ ಅಪ್ಪನ ಕಡೆಗೆ ಬಂದಳು.

"ಅಪ್ಪಾ, ಪ್ಲೀಸ್. ಎವ್ರಿಬಡಿ ಈಸ್ ಲುಕಿಂಗ್. ಇಟ್ಸ್ ಓವರ್, ಲಾ. ಲೆಟ್ಸ್ ಗೋ ಹೋಮ್…"

ಅವಳ ಕಾಲು ಗೆರೆಯ ಹತ್ತಿರಕ್ಕೆ ಬಂತು. ತ್ರಿವಿಕ್ರಮನ ಎಡಗೈ ತಾನಾಗಿಯೇ ಮುಂದೆ ಹೋಯಿತು. ಪಟ್ ಎಂದು ಹಳದಿ ಪಟ್ಟಿ ಕಿತ್ತುಬಂತು.

"ಔಟ್!" ಎಂದು ಮರದ ಕೆಳಗಿನಿಂದ ನಾಲ್ಕು ದನಿ ಒಟ್ಟಿಗೇ ಮೊಳಗಿದವು. ನಿತ್ರಾಣನಾಗಿ ಮಲಗಿದ್ದ ಮಧ್ವರಾಜನೂ ಎದ್ದು ಕೂತಿದ್ದ.

ನವ್ಯಾ ತನ್ನ ಸೊಂಟ ನೋಡಿಕೊಂಡಳು, ಅಪ್ಪನ ಕೈ ನೋಡಿದಳು, ಕಂಕುಳ ಚೆಂಡು ನೋಡಿದಳು. ಅವಳ ಮುಖ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು.

"ಮೋಸ!" ಎಂದು ಕಿರುಚಿದಳು. "ಅಪ್ಪಾ, ಮೋಸ ಇದು! ಆಟ ಮುಗ್ದೋಯ್ತು! ಸೀಟಿ ಹೊಡ್ದಾಯ್ತು! ನೀನು ಯಾವಾಗ್ಲೂ ಹಿಂಗೇ ಮಾಡ್ತೀಯ! ಕೊಡು ಅದು ನಂದು!"

ಅಷ್ಟು ಹೇಳಿ ಅವಳು ತಾನೇ ಬಾಯಿ ಮುಚ್ಚಿಕೊಂಡಳು. ಬೇಲಿಯ ಹತ್ತಿರ ವಾಸಂತಿ ಸೆರಗು ಕೆಳಗಿಳಿಸಿದಳು. ತ್ರಿವಿಕ್ರಮನಿಗೆ ಕಣ್ಣು ತುಂಬಿ ಎದುರಿಗಿರುವುದೆಲ್ಲ ಮಂಜಾಯಿತು. ಚೌಕಾಬಾರದ ಮನೆಗಳ ಮೇಲೆ ಕವಡೆ ಚೆಲ್ಲಿ ಕಿರುಚುತ್ತಿದ್ದ ಆ ದನಿಯೇ, ಸ್ವಲ್ಪ ದಪ್ಪವಾಗಿದೆ ಅಷ್ಟೇ.

"ಕೊಡಲ್ಲ" ಎಂದ.

"ಅಪ್ಪಾ, ಕೊಡು!"

"ಬೇಕಾದ್ರೆ ಹಿಡಿ" ಎಂದು, ಪಟ್ಟಿಯನ್ನು ತಲೆಯ ಮೇಲೆ ಬೀಸುತ್ತಾ ತ್ರಿವಿಕ್ರಮ ಓಡತೊಡಗಿದ. ಜೀವಮಾನದಲ್ಲಿ ಯಾರ ಹಿಂದೆಯೂ ಓಡದವನು, ಹೊಟ್ಟೆ ಕುಣಿಸಿಕೊಂಡು, ಅಡ್ಡಡ್ಡವಾಗಿ, ಚಿಕ್ಕ ಮಕ್ಕಳ ಕೋನ್‌ಗಳನ್ನೆಲ್ಲ ಬೀಳಿಸುತ್ತಾ ಓಡಿದ. ಮಳೆಯ ಮೊದಲ ಹನಿಗಳು ಬಿದ್ದವು. ಆ ವರ್ಷ ಯಾರ ಕೈಗೂ ಸಿಗದ ಕಾಲು ನವ್ಯಾಳದು. ಎರಡು ಹೆಜ್ಜೆ ಹಾಕಿದ್ದರೆ ಅವನನ್ನು ಹಿಡಿಯಬಹುದಿತ್ತು. ಅವಳು ಹಿಡಿಯಲಿಲ್ಲ. ಅವನ ಬೆನ್ನಿಗೇ, ಅವನ ವೇಗದಲ್ಲೇ ಓಡುತ್ತಾ, ಬಾಯಿಗೆ ಬಂದಂತೆ ಬೈಯುತ್ತಾ ಬಂದಳು, ಅಷ್ಟೂ ಕನ್ನಡದಲ್ಲಿ.